ರ್‍ಯಾಕ್ ಕೊಳ್ಳುವ ಮುನ್ನ: ಗೊಂಡೋಲಾ, ಸ್ಲಾಟ್‌ವಾಲ್, ಗ್ರಿಡ್, ಡಂಪ್ ಬಿನ್‌ಗಳ ವಿಮರ್ಶೆ

ತಯಾರಕರ ಶೋರೂಮಿನಲ್ಲಿ ಯಾವ ರ್‍ಯಾಕೂ ಕೆಟ್ಟದಾಗಿ ಕಾಣುವುದಿಲ್ಲ. ಅಲ್ಲಿ ಅದು ಹೊಚ್ಚ ಹೊಸದು, ಅದರ ತುಂಬ ಒಂದೇ ಅಳತೆಯ ಡಬ್ಬಿಗಳು ಸಾಲಾಗಿ ಕೂತಿರುತ್ತವೆ, ಮೇಲಿಂದ ಒಳ್ಳೆಯ ದೀಪ ಬೀಳುತ್ತಿರುತ್ತದೆ. ಅಂಗಡಿಗೆ ಬಂದು ಆರು ತಿಂಗಳು ಕಳೆದು, ಮಾಲು ಅರ್ಧ ಖಾಲಿಯಾದ ಸಂಜೆ ಹೊತ್ತಿನಲ್ಲಿ ಅದೇ ರ್‍ಯಾಕ್ ಹೇಗೆ ಕಾಣುತ್ತದೆ? ಹೊಸ ಅಳತೆಯ ಪ್ಯಾಕ್ ಬಂದಿಳಿದಾಗ ಕೆಲಸದ ಹುಡುಗ ಒಬ್ಬನೇ, ಸ್ಪ್ಯಾನರ್ ಹಿಡಿಯದೆ, ಶೆಲ್ಫುಗಳನ್ನು ಮೇಲೆ ಕೆಳಗೆ ಮಾಡಬಲ್ಲನೆ? ಇಲ್ಲಿ ಪ್ರತಿಯೊಂದು ಸಾಮಗ್ರಿಯನ್ನೂ ಮುಖ್ಯವಾಗಿ ಈ ಎರಡು ಪ್ರಶ್ನೆಗಳಿಂದ ಅಳೆದಿದೆ. ಕೊಳ್ಳುವವರು ಮೊದಲು ಕೇಳುವುದು ‘ಎಷ್ಟು ಮಾಲು ಹಿಡಿಸುತ್ತದೆ’ ಅಂತ. ಆ ಪ್ರಶ್ನೆಗೆ ಉತ್ತರ ಕಂಡುಕೊಂಡು ಕೊಂಡ ರ್‍ಯಾಕು ಅಂಗಡಿಯನ್ನು ಗೋದಾಮು ಮಾಡುವುದೇ ಹೆಚ್ಚು.

ತೀರ್ಪು ಮೊದಲೇ ಬೇಕು ಅನ್ನುವವರಿಗೆ: ಡಬ್ಬಿ, ಬಾಟಲಿ, ಪೆಟ್ಟಿಗೆ ರೂಪದ ಮಾಲು ಮಾರುವ ಹೆಚ್ಚಿನ ಅಂಗಡಿಗಳಿಗೆ ಗೊಂಡೋಲಾ (ನೆಲದ ಮೇಲೆ ನಿಲ್ಲುವ ಕಂಬ, ಶೆಲ್ಫುಗಳ ಸಾಲು) ಸಾಕು, ಅದರಲ್ಲೂ ಹೆಚ್ಚು ಆಳವಿಲ್ಲದ್ದು. ಸ್ಲಾಟ್‌ವಾಲ್‌ಗೆ (ಕೊಕ್ಕೆ ಸಿಕ್ಕಿಸಲು ಅಡ್ಡ ಸೀಳು ಕೊರೆದ ಗೋಡೆಯ ಹಲಗೆ) ಅದರ ಯೋಗ್ಯತೆಗಿಂತ ದೊಡ್ಡ ಹೆಸರಿದೆ. ಪೆಗ್‌ಬೋರ್ಡ್ (ಕೊಕ್ಕೆ ಹಾಕುವ ತೂತುಗಳ ಹಲಗೆ) ನೋಡಲು ಬಡವ, ದುಡಿಯುವುದರಲ್ಲಿ ಗಟ್ಟಿಗ. ಗ್ರಿಡ್ (ಸರಳಿನ ಜಾಲರಿ) ನಾಲ್ಕು ದಿನದ ಮಳಿಗೆಗೆ ಸರಿ. ಮಾಲು ರಾಶಿ ಸುರಿಯುವ ಡಂಪ್ ಬಿನ್ನನ್ನು ಅಳೆದೂ ಸುರಿದೂ ಇಡಬೇಕು.

ಗೊಂಡೋಲಾ

ಗಿರಾಕಿ ತಾನೇ ಒಳಗೆ ನಡೆದು, ತಾನೇ ಮಾಲು ಎತ್ತಿಕೊಂಡು, ಕೊನೆಗೆ ಹಣ ಕೊಡುವ ಅಂಗಡಿಯನ್ನು ಕ್ಲಾರೆನ್ಸ್ ಸಾಂಡರ್ಸ್ 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಪಿಗ್ಲಿ ವಿಗ್ಲಿ ಹೆಸರಿನಲ್ಲಿ ತೆರೆದ. ಮರುವರ್ಷ ಆ ಏರ್ಪಾಟಿಗೆ ಪೇಟೆಂಟೂ ಸಿಕ್ಕಿತು. ಆ ಪೇಟೆಂಟಿನ ತಿರುಳು ಮಾಲಲ್ಲ, ಮಾಲಿನ ನಡುವೆ ಜನ ಓಡಾಡುವ ದಾರಿ. ಇವತ್ತಿನ ಗೊಂಡೋಲಾ ಮಾಡುವ ಕೆಲಸವೂ ಅದೇ. ಅದು ಬರೀ ಶೆಲ್ಫಲ್ಲ, ಅಂಗಡಿಯೊಳಗೆ ಓಣಿ ಕಟ್ಟುವ ಗೋಡೆ. ಆದ್ದರಿಂದ ಅದನ್ನು ಕೊಳ್ಳುವಾಗ ನೆಲದ ನಕ್ಷೆ ಕೈಯಲ್ಲಿರಬೇಕು.

ಭಾಗಗಳು ಸರಳ. ಉದ್ದಕ್ಕೂ ಸೀಳುಗಳಿರುವ ಉಕ್ಕಿನ ಕಂಬ, ಅದರ ಕೆಳಗೆ ಮಟ್ಟ ಸರಿಮಾಡುವ ತಿರುಪು ಇರುವ ಪಾದ, ಹಿಂಬದಿಯ ತಗಡು, ಎಲ್ಲಕ್ಕಿಂತ ಕೆಳಗಿನ ಬೇಸ್ ಶೆಲ್ಫ್, ಅದರ ಮುಂದೆ ಕಸ ನುಗ್ಗದಂತೆ ತಡೆಯುವ ಕಿಕ್ ಪ್ಲೇಟ್, ಮೇಲಿನ ಶೆಲ್ಫುಗಳು, ಪ್ರತಿ ಶೆಲ್ಫಿಗೂ ಎಡಬಲದ ಒಂದು ಜೊತೆ ಬ್ರಾಕೆಟ್, ಶೆಲ್ಫಿನ ಅಂಚಿನಲ್ಲಿ ಬೆಲೆ ಚೀಟಿಯ ಪಟ್ಟಿ. ಎರಡು ಕಂಬಗಳ ನಡುವಿನ ಜಾಗಕ್ಕೆ ‘ಬೇ’ ಅನ್ನುತ್ತಾರೆ. ಮೊದಲ ಬೇಗೆ ಎರಡು ಕಂಬ, ಆಮೇಲೆ ಸೇರಿಸುವ ಪ್ರತಿ ಬೇಗೂ ಒಂದೊಂದೇ ಕಂಬ. ಅಂದರೆ ಐದು ಬೇಯ ಸಾಲಿಗೆ ಆರು ಕಂಬ. ಆರ್ಡರ್ ಬರೆಯುವಾಗ ಐದನ್ನೂ ‘ಸ್ಟಾರ್ಟರ್’ (ಎರಡು ಕಂಬದ ಮೊದಲ ಬೇ) ಅಂತ ಬರೆದುಬಿಟ್ಟರೆ ಹತ್ತು ಕಂಬ ಬಂದು ಬೀಳುತ್ತವೆ. ಹಾಗಾಗುವುದೂ ಅಪರೂಪವೇನಲ್ಲ.

ಮೊದಲು ನೋಡಬೇಕಾದ್ದು ಕಂಬದ ಸೀಳುಗಳ ಅಂತರ. 25 ಮಿ.ಮೀ.ಗೊಂದು ಸೀಳಿದ್ದರೆ ಶೆಲ್ಫನ್ನು ಒಂದೊಂದೇ ಇಂಚು ಮೇಲೆ ಕೆಳಗೆ ಮಾಡಬಹುದು, 50 ಮಿ.ಮೀ. ಆದರೆ ಎರಡಿಂಚು ಜರುಗಿಸಲೇಬೇಕು. ಸಣ್ಣ ವ್ಯತ್ಯಾಸ ಅನ್ನಿಸಬಹುದು. ಪ್ಯಾಕಿನ ಎತ್ತರದ ಮೇಲೆ ಕೈಬೆರಳು ನುಗ್ಗಲು ಒಂದೂವರೆ ಇಂಚು ಜಾಗ ಬೇಕು. ಅದಕ್ಕಿಂತ ಕಮ್ಮಿಯಾದರೆ ಹಿಂದಿನ ಪ್ಯಾಕ್ ತೆಗೆಯುವಾಗ ಮುಂದಿನದು ಬೀಳುತ್ತದೆ, ಜಾಸ್ತಿಯಾದರೆ ಶೆಲ್ಫಿನ ಮೇಲ್ಭಾಗ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಪ್ರತಿ ಶೆಲ್ಫಿನಲ್ಲೂ ಹೀಗೆ ಒಂದೊಂದು ಇಂಚು ಪೋಲಾದರೆ ಆರು ಶೆಲ್ಫಿನ ಬೇಯಲ್ಲಿ ಇನ್ನೊಂದು ಸಣ್ಣ ಶೆಲ್ಫ್ ಹಿಡಿಸುವಷ್ಟು ಎತ್ತರ ಗಾಳಿಗೆ ಹೋಯಿತು.

ಎರಡನೆಯದು ಬೇಯ ಅಗಲ. 900, 1000, 1200 ಮಿ.ಮೀ. ಸಾಮಾನ್ಯ ಅಳತೆಗಳು. 1200ಕ್ಕೆ ಕಂಬ ಕಮ್ಮಿ ಸಾಕು, ಆದ್ದರಿಂದ ಅಗ್ಗ. ಆದರೆ ದ್ರವ ತುಂಬಿದ ಬಾಟಲಿ, ಪುಸ್ತಕ, ಯಂತ್ರದ ಬಿಡಿಭಾಗದಂಥ ಭಾರದ ಮಾಲಿಗೆ ಅಷ್ಟು ಅಗಲದ ಶೆಲ್ಫ್ ನಡುವಿನಲ್ಲಿ ಜೋತುಬೀಳುತ್ತದೆ. ಒಮ್ಮೆ ಬಾಗಿದ ತಗಡು ಮತ್ತೆ ನೆಟ್ಟಗಾಗದು. ಭಾರದ ಮಾಲಿದ್ದರೆ 900ಕ್ಕೇ ನಿಲ್ಲುವುದು ಜಾಣತನ. ಇಲ್ಲವೇ ಅಡಿಯಲ್ಲಿ ಉದ್ದದ ಬಲಪಟ್ಟಿ ಕೂರಿಸಿದ ಶೆಲ್ಫೇ ಬೇಕು. ತಯಾರಕರು ಹೇಳುವ ಭಾರದ ಮಿತಿ ಶೆಲ್ಫಿನ ತುಂಬ ಸಮನಾಗಿ ಹರಡಿದ ಭಾರಕ್ಕೆ ಹೇಳಿದ್ದು ಎಂಬುದನ್ನೂ ಮರೆಯಬೇಡಿ. ಅಷ್ಟೇ ಭಾರವನ್ನು ನಡುವೆ ಒಂದೇ ಕಡೆ ಪೇರಿಸಿದರೆ ಲೆಕ್ಕ ತಪ್ಪುತ್ತದೆ.

ಮೂರನೆಯದು ಆಳ. ಹೆಚ್ಚಿನ ಅಂಗಡಿಗಳು ಎಡವುವುದು ಇಲ್ಲೇ, ಹಾಗಾಗಿ ಲೆಕ್ಕವನ್ನೇ ಮಾಡೋಣ. ಗೋಡೆಯಿಂದ ಗೋಡೆಗೆ 6 ಮೀಟರ್, ಅಂದರೆ ಸುಮಾರು 20 ಅಡಿ ಅಗಲದ ಅಂಗಡಿ ಅಂತಿಟ್ಟುಕೊಳ್ಳಿ. ಎರಡೂ ಗೋಡೆಗೆ ಒಂಟಿಮುಖದ ರ್‍ಯಾಕ್, ನಡುವೆ ಜೋಡಿಮುಖದ ಎರಡು ಸಾಲು ಬೇಕು. ಬೇಸ್ ಶೆಲ್ಫ್ 450 ಮಿ.ಮೀ. ಆದರೆ ಗೋಡೆಯ ಎರಡು ಸಾಲು ಸೇರಿ 0.9 ಮೀಟರ್, ನಡುವಿನ ಒಂದೊಂದು ಸಾಲು ಕಂಬದ ದಪ್ಪವೂ ಸೇರಿ 0.95, ಎರಡಕ್ಕೆ 1.9. ಉಳಿದ 3.2 ಮೀಟರನ್ನು ಮೂರು ಓಣಿಗೆ ಹಂಚಿದರೆ ತಲಾ 1.07 ಮೀಟರ್. ಅಷ್ಟರಲ್ಲಿ ಒಬ್ಬರು ನಡೆಯಬಹುದು. ಒಬ್ಬರು ಕೆಳಗಿನ ಶೆಲ್ಫಿಗೆ ಬಗ್ಗಿದರೆ ಇನ್ನೊಬ್ಬರು ಅವರ ಬೆನ್ನಿಗೆ ತಾಗದೆ ದಾಟಲಾಗದು. ಹಾಗೆ ಎರಡು ಸಲ ತಾಗಿಸಿಕೊಂಡವರು ಮಾಲು ಕೆಳಗಿಟ್ಟು ಮುಂದೆ ಹೋಗಿಬಿಡುತ್ತಾರೆ. ಇನ್ನು ಬೇಸನ್ನು 350ಕ್ಕೆ ಇಳಿಸಿ ನೋಡಿ: ಗೋಡೆಗೆ 0.7, ನಡುವಿಗೆ 1.5, ಉಳಿದದ್ದು 3.8, ಓಣಿಗೆ 1.27 ಮೀಟರ್. ಒಂದೇ ಒಂದು ಬೇಯನ್ನೂ ಬಿಟ್ಟುಕೊಡದೆ ಪ್ರತಿ ಓಣಿಗೂ ಎಂಟಿಂಚು ಬಂತು. ‘ಆಳ ಇದ್ದರೆ ಹಿಂದೆ ಸ್ಟಾಕ್ ಇಡಬಹುದು’ ಎಂಬ ವಾದಕ್ಕೆ ಬೆಲೆ ಕೊಡುವಂತಿಲ್ಲ. ಹಿಂದೆ ಇಟ್ಟ ಮಾಲು ಅಲ್ಲಿಯೇ ಹಳತಾಗುತ್ತದೆ, ಮುಂದಿನ ಸಾಲು ಖಾಲಿಯಾದಾಗ ಶೆಲ್ಫ್ ಗುಹೆಯಂತೆ ಕಾಣುತ್ತದೆ.

ಗಾಲಿಕುರ್ಚಿ ಸಾಗಲು ಕನಿಷ್ಠ 900 ಮಿ.ಮೀ. ತೆರವಾದ ದಾರಿ, ತಿರುಗಲು 1500 ಮಿ.ಮೀ. ವ್ಯಾಸದ ಜಾಗ ಬೇಕು. ಅದಕ್ಕೇ ಸಾಲಿನ ಕೊನೆಯಲ್ಲಿ ಅಷ್ಟು ಬಿಡದ ನಕ್ಷೆಯನ್ನು ಒಪ್ಪಬಾರದು. ತಳ್ಳುಗಾಡಿ ಕೊಡುವ ಅಂಗಡಿಯಾದರೆ, ಎದುರುಬದುರು ಎರಡು ಗಾಡಿ ದಾಟುವ ಮುಖ್ಯ ಓಣಿಗೆ 1.8 ಮೀಟರಿಗಿಂತ ಕಮ್ಮಿ ಯೋಚಿಸುವುದೇ ಬೇಡ.

ಎತ್ತರದ ವಿಷಯ. ನಡುವಿನ ಸಾಲಿಗೆ 1350ರಿಂದ 1500 ಮಿ.ಮೀ., ಗೋಡೆಯ ಸಾಲಿಗೆ 2100ರಿಂದ 2400. ನಡುವೆ ಇದಕ್ಕಿಂತ ಎತ್ತರವಾದರೆ ಬಾಗಿಲಲ್ಲಿ ನಿಂತವರಿಗೆ ಹಿಂಗೋಡೆ ಕಾಣುವುದಿಲ್ಲ, ಗಲ್ಲಾದಲ್ಲಿ ಕೂತವರಿಗೆ ಓಣಿಯೊಳಗೆ ಯಾರಿದ್ದಾರೆಂದು ಗೊತ್ತಾಗುವುದಿಲ್ಲ. ಒಂಟಿಮುಖದ ಎತ್ತರದ ರ್‍ಯಾಕನ್ನು ಗೋಡೆಗೆ ಬಿಗಿಯಲೇಬೇಕು; ಭಾರವೆಲ್ಲ ಮುಂದಕ್ಕೆ ಇರುವುದರಿಂದ ಒಂದು ಮಗು ಹತ್ತಿದರೂ ಮಗುಚಬಹುದು. ಜೋಡಿಮುಖದ್ದನ್ನು ತುಂಬುವಾಗ ಎರಡೂ ಕಡೆ ಸಮನಾಗಿ, ಕೆಳಗಿನಿಂದ ಮೇಲಕ್ಕೆ. ಖಾಲಿ ಮಾಡುವಾಗ ಮೇಲಿನಿಂದ ಕೆಳಕ್ಕೆ. ಇದನ್ನು ಹೊಸ ಕೆಲಸಗಾರರಿಗೆ ಮೊದಲ ದಿನವೇ ಹೇಳಿಕೊಡಬೇಕು.

ಮೇಲಿನ ಶೆಲ್ಫುಗಳು ಬೇಸಿಗಿಂತ ಕಮ್ಮಿ ಆಳ ಇರಲಿ: ಬೇಸ್ 350 ಆದರೆ ಮೇಲೆ 300. ಸೂರಿನ ದೀಪದ ಬೆಳಕು ಕೆಳಗಿನ ಶೆಲ್ಫಿಗೂ ತಲುಪುತ್ತದೆ, ರ್‍ಯಾಕಿನ ಭಾರ ಕೆಳಗೇ ಕೂರುತ್ತದೆ. ಎಲ್ಲ ಶೆಲ್ಫೂ ಒಂದೇ ಆಳ ಇಟ್ಟರೆ ಕೊನೆಯ ಎರಡು ಶೆಲ್ಫು ಕತ್ತಲಲ್ಲಿ ಉಳಿಯುತ್ತವೆ. ಬ್ರಾಕೆಟ್ ಎರಡು ಕೋನದಲ್ಲಿ ಕೂರುವಂಥದ್ದಾದರೆ ಇನ್ನೂ ಒಳ್ಳೆಯದು. ಮೊಣಕಾಲಿನ ಮಟ್ಟದ ಶೆಲ್ಫನ್ನು ಮುಂದಕ್ಕೆ ಸ್ವಲ್ಪ ಓರೆ ಮಾಡಿ ತಡೆಕಂಬಿ ಹಾಕಿದರೆ ನಿಂತವರ ಕಣ್ಣಿಗೆ ಪ್ಯಾಕಿನ ಮುಖ ಕಾಣುತ್ತದೆ, ಇಲ್ಲದಿದ್ದರೆ ಮುಚ್ಚಳ ಮಾತ್ರ.

ಗೊಂಡೋಲಾದ ದೊಡ್ಡ ದೋಷ ಒಂದಿದೆ: ಒಬ್ಬ ತಯಾರಕರ ಬ್ರಾಕೆಟ್ ಇನ್ನೊಬ್ಬರ ಕಂಬಕ್ಕೆ ಕೂರುವುದು ಅದೃಷ್ಟದ ಮಾತು. ಸೀಳಿನ ಆಕಾರ, ಅಂತರ, ತಗಡಿನ ದಪ್ಪ ಎಲ್ಲವೂ ಬೇರೆ ಬೇರೆ. ಬಲವಂತವಾಗಿ ತೂರಿಸಿದ ಬ್ರಾಕೆಟ್ ಮೇಲ್ನೋಟಕ್ಕೆ ಕೂತಂತೆ ಕಂಡರೂ ಕೊಕ್ಕೆ ಪೂರ್ತಿ ಇಳಿದಿರುವುದಿಲ್ಲ, ಭಾರ ಬಿದ್ದಾಗ ಕಳಚುತ್ತದೆ. ಆದ್ದರಿಂದ ಮೊದಲ ಆರ್ಡರಿನಲ್ಲಿಯೇ ಹತ್ತಕ್ಕೊಂದು ಶೆಲ್ಫನ್ನೂ ಅದರ ಜೊತೆ ಬ್ರಾಕೆಟ್ಟನ್ನೂ ಹೆಚ್ಚಾಗಿ ತರಿಸಿಟ್ಟುಕೊಳ್ಳಿ. ಎರಡು ವರ್ಷದ ಮೇಲೆ ಅದೇ ಬಣ್ಣ, ಅದೇ ಸೀಳು ಸಿಗುತ್ತದೆಂದು ನಂಬಿ ಕೂರಬೇಡಿ.

ಸಾಲಿನ ತುದಿಯ ಎಂಡ್ ಕ್ಯಾಪ್

ಓಣಿಗೆ ನುಗ್ಗದೆ ಮುಖ್ಯ ದಾರಿಯಲ್ಲೇ ಹೋಗುವವರಿಗೂ ಕಾಣುವ ಜಾಗ ಇದು. ತುದಿ ಬೇಯ ಅಗಲ, ಎರಡೂ ಕಡೆಯ ಬೇಸ್ ಶೆಲ್ಫಿನ ಆಳ ಮತ್ತು ಕಂಬದ ದಪ್ಪ ಕೂಡಿದಷ್ಟಕ್ಕೆ ಹೊಂದಬೇಕು. 350 ಆಳದ ಜೋಡಿಸಾಲಿಗೆ 1000 ಅಗಲದ ತುದಿ ಬೇ ತಂದರೆ ಎರಡೂ ಕಡೆ ಐದಿಂಚು ಹೊರಚಾಚಿ ಬರುವವರ ಮೊಣಕಾಲಿಗೆ, ತಳ್ಳುಗಾಡಿಯ ಚಕ್ರಕ್ಕೆ ಬಡಿಯುತ್ತದೆ. ಬಹಳ ಅಂಗಡಿಗಳಲ್ಲಿ ಆ ಮೂಲೆ ನುಜ್ಜುಗುಜ್ಜಾಗಿರುವುದಕ್ಕೆ ಕಾರಣ ಅದೇ.

ಅಲ್ಲಿ ಇಡುವ ಮಾಲು ಒಂದೇ ಬಗೆಯದಾಗಿರಲಿ, ಹೆಚ್ಚೆಂದರೆ ಒಂದಕ್ಕೊಂದು ಬೇಕಾಗುವ ಮೂರು: ಬಣ್ಣದ ಡಬ್ಬಿ, ಕುಂಚ, ಮರಳುಕಾಗದ ಇದ್ದಂತೆ. ಎಂಟು ಬಗೆಯ ಮಾಲು ತುಂಬಿದ ಎಂಡ್ ಕ್ಯಾಪ್ ಅಂದರೆ ಅದು ಓಣಿಯ ಇನ್ನೊಂದು ಬೇ, ಅಷ್ಟೇ. ಎರಡು ಮೂರು ವಾರಕ್ಕೊಮ್ಮೆ ಬದಲಿಸದಿದ್ದರೆ ಖಾಯಂ ಗಿರಾಕಿಯ ಕಣ್ಣಿಗೆ ಅದು ಗೋಡೆಯಾಗಿಬಿಡುತ್ತದೆ.

ಶೆಲ್ಫಿನ ಮೇಲೆ ಏನು, ಎಷ್ಟು

ರ್‍ಯಾಕ್ ಚೆನ್ನಾಗಿದ್ದೂ ಮಾಲು ಕಾಣದಿದ್ದರೆ ತಪ್ಪು ಫೇಸಿಂಗ್‌ನದು. ಮುಂದಿನ ಅಂಚಿನಲ್ಲಿ ಪಕ್ಕಪಕ್ಕ ಎಷ್ಟು ಪ್ಯಾಕ್ ಕಾಣುತ್ತವೋ ಅಷ್ಟು ಫೇಸಿಂಗ್. ಲೆಕ್ಕ ಹೀಗೆ: 900 ಮಿ.ಮೀ. ಶೆಲ್ಫ್, 75 ಮಿ.ಮೀ. ಅಗಲದ ಶಾಂಪೂ ಬಾಟಲಿ, ಆದ್ದರಿಂದ 12 ಫೇಸಿಂಗ್. ಆಳ 350 ಆದರೆ ಒಂದರ ಹಿಂದೆ ಒಂದು 4. ಒಟ್ಟು 48. ಈಗ ಒಂದು ಬಗೆಯ ಬಾಟಲಿ ದಿನಕ್ಕೆ 6 ಹೋಗುತ್ತದೆ, ಮಾಲು ನಾಲ್ಕು ದಿನಕ್ಕೊಮ್ಮೆ ಬರುತ್ತದೆ ಅಂದರೆ 24, ತಡವಾದರೆ ಇರಲಿ ಎಂದು ಇನ್ನೆರಡು ದಿನದ್ದು 12, ಒಟ್ಟು 36. ನಾಲ್ಕರಿಂದ ಭಾಗಿಸಿದರೆ 9 ಫೇಸಿಂಗ್ ಸಾಕು. ಉಳಿದ ಮೂರು ಫೇಸಿಂಗ್, ಅಂದರೆ 225 ಮಿ.ಮೀ., ಇನ್ನೊಂದು ಬಗೆಯ ಬಾಟಲಿಯ ಪಾಲು. ಕಣ್ಣಳತೆಯಲ್ಲಿ ತುಂಬುವ ಅಂಗಡಿಗಳಲ್ಲಿ ನಿಧಾನಕ್ಕೆ ಹೋಗುವ ಮಾಲಿಗೆ ಅರ್ಧ ಶೆಲ್ಫು, ಓಡುವ ಮಾಲಿಗೆ ಎರಡೇ ಫೇಸಿಂಗ್ ಸಿಕ್ಕಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ತೂತು ಕಾಣುವುದು ಆ ಎರಡು ಫೇಸಿಂಗಿನ ಜಾಗದಲ್ಲೇ. ಒಂದೇ ಫೇಸಿಂಗ್ ಮಾತ್ರ ಕೊಟ್ಟ ಮಾಲು ಕಣ್ಣಿಗೇ ಬೀಳುವುದಿಲ್ಲ. ಎರಡಾದರೂ ಕೊಡಿ, ಇಲ್ಲ ಆ ಮಾಲನ್ನೇ ಬಿಡಿ.

ನಿಂತವರ ಕಣ್ಣು ನೇರಕ್ಕಿಂತ ತುಸು ಕೆಳಗೆ ಓಡುತ್ತದೆ. ನೆಲದಿಂದ 1200ರಿಂದ 1500 ಮಿ.ಮೀ. ನಡುವಿನ ಪಟ್ಟಿಯಲ್ಲಿ ಇಟ್ಟದ್ದು ಮೊದಲು ಕಾಣುತ್ತದೆ, 750ರಿಂದ 1200ರಲ್ಲಿ ಇಟ್ಟದ್ದಕ್ಕೆ ಕೈ ಸಲೀಸಾಗಿ ಹೋಗುತ್ತದೆ. 600ಕ್ಕಿಂತ ಕೆಳಗೆ ಭಾರದ್ದು, ದೊಡ್ಡದು, ಗಿರಾಕಿ ಹುಡುಕಿಕೊಂಡೇ ಬರುವಂಥದ್ದು. 1700ಕ್ಕಿಂತ ಮೇಲೆ ಹಗುರಾದ್ದು ಮಾತ್ರ. ಮಕ್ಕಳ ಆಟಿಕೆಗೆ ಈ ಪಟ್ಟಿಯೇ ಬೇರೆ; ಅವರ ಕಣ್ಣು ಇರುವುದು 600ರಿಂದ 1000ದಲ್ಲಿ. ಒಂದೇ ಬ್ರಾಂಡನ್ನು ಶೆಲ್ಫಿನುದ್ದಕ್ಕೂ ಅಡ್ಡಲಾಗಿ ಹರಡುವ ಬದಲು ಮೇಲಿನಿಂದ ಕೆಳಗೆ ಕಂಬದಂತೆ ಜೋಡಿಸುವುದು ಒಳ್ಳೆಯದು: ನಡೆದು ಹೋಗುವವರು ನಿಂತಲ್ಲೇ ಒಂದು ಬ್ರಾಂಡಿನ ಎಲ್ಲ ಅಳತೆಯನ್ನೂ ನೋಡುತ್ತಾರೆ, ಯಾವ ಬ್ರಾಂಡೂ ಪೂರ್ತಿಯಾಗಿ ಕೆಳಶೆಲ್ಫಿನ ಪಾಲಾಗುವುದಿಲ್ಲ. ಆದರೆ ಆ ಕಂಬ ಒಂದು ಅಡಿಗಿಂತ ಕಿರಿದಾದರೆ ಕಣ್ಣಿಗೆ ಪಟ್ಟೆಪಟ್ಟೆಯಾಗಿ ಕಂಡು ಗೊಂದಲವಾಗುತ್ತದೆ.

ಸ್ಲಾಟ್‌ವಾಲ್

ಸಾಮಾನ್ಯವಾಗಿ 18 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ) ಹಲಗೆ, 1200 x 2400 ಅಳತೆ, 75 ಅಥವಾ 100 ಮಿ.ಮೀ.ಗೊಂದು ಅಡ್ಡ ಗಾಡಿ, ಅಂದರೆ ಹಲಗೆಯಲ್ಲಿ ಉದ್ದಕ್ಕೂ ಕೊರೆದ ಸೀಳು. ಗಾಡಿಯೊಳಗೆ ಕೊಕ್ಕೆ, ಶೆಲ್ಫ್, ಬುಟ್ಟಿ ಏನು ಬೇಕಾದರೂ ಸಿಕ್ಕಿಸಬಹುದು, ಅಡ್ಡಡ್ಡ ಎಲ್ಲಿಗೆ ಬೇಕಾದರೂ ಜರುಗಿಸಬಹುದು. ಬದಲಾಯಿಸುವ ಸುಲಭದಲ್ಲಿ ಇದಕ್ಕೆ ಪೂರ್ತಿ ಅಂಕ. ಅರ್ಧ ಖಾಲಿಯಾದಾಗ ಮಾತ್ರ ಸೋಲುತ್ತದೆ: ಮಾಲು ಕಮ್ಮಿಯಾದಂತೆ ಗಾಡಿಯ ಗೆರೆಗಳೇ ಎದ್ದು ಕಾಣುತ್ತವೆ, ಇಡೀ ಗೋಡೆ ರೂಲು ಹಾಕಿದ ಹಾಳೆಯಂತಾಗುತ್ತದೆ. ಕಪ್ಪು ಅಥವಾ ಗಾಢ ಮರದ ಬಣ್ಣದಲ್ಲಿ ಅಲ್ಯೂಮಿನಿಯಂ ಪಟ್ಟಿ ಹೊಳೆಯುತ್ತಿದ್ದರಂತೂ ಮಾಲಿಗಿಂತ ಗೋಡೆಯೇ ಮುಂದೆ ಬರುತ್ತದೆ. ಗೋಡೆಯ ಬಣ್ಣಕ್ಕೆ ಹೊಂದುವ ತಿಳಿಬಣ್ಣ ಆರಿಸಿದರೆ ಈ ದೋಷ ಅರ್ಧಕ್ಕಿಳಿಯುತ್ತದೆ.

ಗಾಡಿಯ ಅಂಚು ಬರೀ ಎಂಡಿಎಫ್ ಆಗಿದ್ದರೆ ಭಾರದ ಶೆಲ್ಫಿಗೆ ಅದು ಸೀಳಿ ಕಿತ್ತುಬರುತ್ತದೆ. ಅದಕ್ಕೇ ಒಳಗೆ ಅಲ್ಯೂಮಿನಿಯಂ ಇನ್ಸರ್ಟ್ ತೂರಿಸುತ್ತಾರೆ. ಅದನ್ನು ಪಕ್ಕದಿಂದ ತೂರಿಸಬೇಕು. ಹಲಗೆಯನ್ನು ಗೋಡೆಯ ಮೂಲೆಗೆ ಒತ್ತಿ ತಿರುಪು ಹಾಕಿ, ಆಮೇಲೆ ‘ಇನ್ಸರ್ಟ್ ಹಾಕೋಣ’ ಅಂದರೆ ತೂರಿಸಲು ಪಕ್ಕದಲ್ಲಿ ಜಾಗವೇ ಇರುವುದಿಲ್ಲ; ಹಲಗೆ ಇಳಿಸಿ ಮತ್ತೆ ಏರಿಸಬೇಕು. ಆದ್ದರಿಂದ ಕ್ರಮ ಇದು: ಗೋಡೆಗೆ 400 ಮಿ.ಮೀ.ಗೊಂದರಂತೆ ಮರದ ರೀಪು, ಗೋಡೆ ಉಬ್ಬುತಗ್ಗಿದ್ದರೆ ರೀಪಿನ ಹಿಂದೆ ಚಕ್ಕೆ ಕೊಟ್ಟು ಸಮ ಮಾಡುವುದು, ಕೆಳಗಿನಿಂದ ಮಟ್ಟಗೆರೆ ಎಳೆಯುವುದು, ಇನ್ಸರ್ಟ್ ತೂರಿಸಿದ ಹಲಗೆಯನ್ನು ಗಾಡಿಯೊಳಗೆ ತಿರುಪು ಮರೆಯಾಗುವಂತೆ ಬಿಗಿಯುವುದು. ಮೊದಲ ಹಲಗೆ 2 ಮಿ.ಮೀ. ಓರೆಯಾದರೆ ನಾಲ್ಕನೆಯ ಹಲಗೆಯ ಹೊತ್ತಿಗೆ ಗಾಡಿಗಳು ಒಂದಕ್ಕೊಂದು ಕೂಡುವುದಿಲ್ಲ, ಉದ್ದದ ಶೆಲ್ಫು ಎರಡು ಹಲಗೆಯ ಮೇಲೆ ಕೂರುವುದಿಲ್ಲ. ನೆಲ ಒರೆಸುವ ನೀರು ತಾಗುವಲ್ಲಿ ಎಂಡಿಎಫ್ ಊದಿಕೊಳ್ಳುತ್ತದೆ. ನೆಲದಿಂದ ನಾಲ್ಕಿಂಚು ಮೇಲಿನಿಂದ ಶುರುಮಾಡಿ ಕೆಳಗೆ ಬೇರೆ ಪಟ್ಟಿ ಹೊಡೆಯಿರಿ.

ಚೀಲ, ಟೋಪಿ, ಮೊಬೈಲ್ ಕವರಿನಂಥ ಹಗುರ ಮಾಲಿಗೆ, ಒಂದು ಗೋಡೆಗೆ ಮಾತ್ರ, ಸರಿ. ಇಡೀ ಅಂಗಡಿಗೆ ಹಾಕುವವರ ಉತ್ಸಾಹ ಅರ್ಥವಾಗುವುದಿಲ್ಲ.

ಪೆಗ್‌ಬೋರ್ಡ್

25 ಮಿ.ಮೀ. ಅಂತರದ ತೂತುಗಳ ಹಲಗೆ ಅಥವಾ ತಗಡು. ಉಪಕರಣ, ಹೊಲಿಗೆ ಸಾಮಾನು, ಬ್ಯಾಟರಿ, ನೇತುಹಾಕುವ ಪ್ಯಾಕೆಟ್ ಏನೇ ಇರಲಿ, ಚಿಕ್ಕ ಜಾಗದಲ್ಲಿ ಹೆಚ್ಚು ಬಗೆ ತೋರಿಸಲು ಇದನ್ನು ಮೀರಿಸುವಂಥದ್ದಿಲ್ಲ. ಗೊಂಡೋಲಾದ ಹಿಂಬದಿ ತಗಡನ್ನೇ ತೂತಿನದ್ದಾಗಿ ತರಿಸಿದರೆ ಒಂದೇ ಬೇಯಲ್ಲಿ ಮೇಲೆ ಕೊಕ್ಕೆ, ಕೆಳಗೆ ಶೆಲ್ಫ್ ಎರಡೂ ಸಾಧ್ಯ. ಕೊಡುವ ಅಲ್ಪ ಹೆಚ್ಚುವರಿ ಹಣಕ್ಕೆ ಇಷ್ಟು ಪ್ರಯೋಜನ ಬೇರೆ ಯಾವುದರಲ್ಲೂ ಸಿಗದು.

ಹಾರ್ಡ್‌ಬೋರ್ಡಿನದಾದರೆ ಹಿಂದೆ ಅರ್ಧ ಇಂಚಾದರೂ ಖಾಲಿ ಬಿಡಬೇಕು, ಇಲ್ಲದಿದ್ದರೆ ಕೊಕ್ಕೆಯ ಬಾಲ ತಿರುಗುವುದಿಲ್ಲ. ಒಂದೇ ಕಾಲಿನ ಅಗ್ಗದ ಕೊಕ್ಕೆ ಗಿರಾಕಿ ಪ್ಯಾಕ್ ಎಳೆದಾಗ ಅದರ ಜೊತೆಗೇ ಕಿತ್ತು ಬರುತ್ತದೆ, ತೂತನ್ನೂ ಅಗಲ ಮಾಡುತ್ತದೆ. ಎರಡು ಕಾಲಿನದ್ದನ್ನೇ ಕೊಳ್ಳಿ. 150, 200, 250 ಮಿ.ಮೀ. ಉದ್ದಗಳು ಸಿಗುತ್ತವೆ. ಒಂದು ಸಾಲಿನಲ್ಲಿ ಎಲ್ಲ ಕೊಕ್ಕೆಯೂ ಒಂದೇ ಉದ್ದ ಇರಲಿ. ಕೆಳಗಿನ ಸಾಲು ಮೇಲಿನದಕ್ಕಿಂತ ಚಿಕ್ಕದಾದರೆ ನೆರಳಲ್ಲಿ ಅಡಗುತ್ತದೆ. ಕೊಕ್ಕೆಯ ತುದಿ ಮಡಚಿದ್ದೋ ಗುಂಡಾದ್ದೋ ಆಗಿರಲೇಬೇಕು, ಅದೂ ಮಕ್ಕಳ ಕಣ್ಣಿನ ಎತ್ತರದಲ್ಲಿ. ಚೂಪು ತುದಿಯ ಕೊಕ್ಕೆ ಎಷ್ಟೇ ಅಗ್ಗವಾಗಿದ್ದರೂ ತರಬೇಡಿ. ಕೊಕ್ಕೆಯಿಂದ ಕೊಕ್ಕೆಗೆ ಅಡ್ಡಕ್ಕೆ ಪ್ಯಾಕಿನ ಅಗಲಕ್ಕೆ ಒಂದಿಂಚು ಕೂಡಿಸಿ, ಕೆಳಕ್ಕೆ ಪ್ಯಾಕಿನ ಎತ್ತರಕ್ಕೆ ಒಂದೂವರೆ ಇಂಚು ಕೂಡಿಸಿ. ಮಾಲು ಕಮ್ಮಿಯಾದಾಗ ಇದ್ದದ್ದನ್ನು ಕೊಕ್ಕೆಯ ಮುಂತುದಿಗೆ ಎಳೆದರೆ ಸಾಕು, ಗೋಡೆ ತುಂಬಿದಂತೆಯೇ ಕಾಣುತ್ತದೆ.

ಗ್ರಿಡ್ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. 75 ಮಿ.ಮೀ. ಚೌಕದ ಸರಳಿನ ಜಾಲರಿ, ಹಗುರ, ಹೊತ್ತೊಯ್ಯಲು ಸುಲಭ. ಗೋಡೆ ಇಲ್ಲದ ಕಡೆ ನೆಟ್ಟಗೆ ಸಾಲಾಗಿ ನಿಲ್ಲಿಸಿದರೆ ಬೀಳುತ್ತದೆ. ಮೂರು ಜಾಲರಿ ತ್ರಿಕೋನವಾಗಿ ಜೋಡಿಸಿದರೆ ನಿಲ್ಲುತ್ತದೆ. ಲೇಪ ಕಿತ್ತ ಜಾಗದಲ್ಲಿ ತುಕ್ಕು ಬಂದು ತಿಳಿಬಣ್ಣದ ಬಟ್ಟೆಗೆ ಕಲೆ ಕೂರುತ್ತದೆ. ವಸ್ತುಪ್ರದರ್ಶನಕ್ಕೆ ತನ್ನಿ, ಖಾಯಂ ಅಂಗಡಿಗೆ ಬೇಡ.

ಬಟ್ಟೆಯ ಸ್ಟ್ಯಾಂಡುಗಳು, ಟೇಬಲ್, ಡಂಪ್ ಬಿನ್

ಬಟ್ಟೆ ಅಂಗಡಿಯಲ್ಲಿ ದುಂಡು ಸ್ಟ್ಯಾಂಡಿಗೆ ಎಲ್ಲಿಲ್ಲದ ಮೋಹ. ಮೂರಡಿ ವ್ಯಾಸದ್ದಕ್ಕೆ 2.8 ಮೀಟರಿನಷ್ಟು ಕಂಬಿ ಸಿಗುತ್ತದೆ, ನಿಜ. ಆದರೆ ಸುತ್ತ ಎಲ್ಲಿಂದ ನೋಡಿದರೂ ಕಾಣುವುದು ಬಟ್ಟೆಯ ತೋಳು ಮಾತ್ರ. ರಿಯಾಯಿತಿಯಲ್ಲಿ ತೀರಿಸುವ ಮಾಲಿಗೆ ಅದನ್ನು ಹಿಂದೆ ಇಡಿ. ಮುಂದೆ ಬೇಕಾದ್ದು ಫೋರ್-ವೇ, ಅಂದರೆ ನಾಲ್ಕು ಕಡೆಗೆ ತೋಳು ಚಾಚಿದ ಸ್ಟ್ಯಾಂಡ್, ಅದರಲ್ಲೂ ಇಳಿಜಾರು ತೋಳುಗಳದ್ದು: ಮುಂದಿನ ಬಟ್ಟೆ ಎದೆ ತೋರಿಸುತ್ತದೆ, ಹಿಂದಿನವು ಮೆಟ್ಟಿಲಂತೆ ಇಣುಕುತ್ತವೆ. ಒಂದು ಮೀಟರ್ ನೇರ ಕಂಬಿಗೆ ತೆಳು ಅಂಗಿ ಒತ್ತಿದರೆ 40 ಹಿಡಿಸುತ್ತವೆ; 25ರಿಂದ 30ಕ್ಕೆ ನಿಲ್ಲಿಸಿದರೆ ಮಾತ್ರ ಗಿರಾಕಿ ಒಂದೊಂದನ್ನೇ ಸರಿಸಿ ನೋಡಬಲ್ಲ. ಒಂದನ್ನು ಎಳೆದಾಗ ಎರಡು ಬರುವಂತಿದ್ದರೆ ಕಂಬಿ ತುಂಬಿ ಹೆಚ್ಚಾಗಿದೆ ಎಂದೇ ಅರ್ಥ. ಗೋಡೆಗೆ ಮೇಲೊಂದು ಕೆಳಗೊಂದು ಕಂಬಿ ಹಾಕುವುದಾದರೆ 2100 ಮತ್ತು 1050 ಮಿ.ಮೀ. ಎತ್ತರ ಅಂಗಿಗಳಿಗೆ ಹೊಂದುತ್ತದೆ. ಹ್ಯಾಂಗರಿನ ಕೊಕ್ಕೆ ಎಲ್ಲ ಒಂದೇ ದಿಕ್ಕಿಗೆ, ಅಳತೆ ಎಡದಿಂದ ಬಲಕ್ಕೆ ಚಿಕ್ಕದರಿಂದ ದೊಡ್ಡದಕ್ಕೆ. ಮಡಚಿ ಪೇರಿಸಿದ್ದಾದರೆ ಚಿಕ್ಕದು ಮೇಲೆ, ಒಂದು ಪೇರಿಗೆ ಎಂಟು ದಾಟಬಾರದು.

ಬೊಂಬೆ ಕೊಳ್ಳುವಾಗ ಮುಖ ನೋಡುವುದಕ್ಕಿಂತ ಕಾಲು ನೋಡಿ. ನಿಲ್ಲಿಸುವ ಕಂಬಿ ಮೀನಖಂಡಕ್ಕೆ ಸಿಕ್ಕಿಕೊಳ್ಳುವಂಥದ್ದಾದರೆ ಬಿಗಿ ಪ್ಯಾಂಟ್ ತೊಡಿಸುವುದು ಒದ್ದಾಟ. ಪಾದಕ್ಕೆ ಸಿಕ್ಕಿಕೊಳ್ಳುವಂಥದ್ದಾದರೆ ಷೂವಿನ ಅಟ್ಟೆಗೆ ತೂತು ಕೊರೆಯಬೇಕು. ಎರಡೂ ಕಡೆ ರಂಧ್ರ ಇರುವ ಬೊಂಬೆ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ.

ಎತ್ತರದ್ದರ ಕೆಳಗೆ ಗಿಡ್ಡದ್ದು ತೂರುವ ಜೋಡಿ ಟೇಬಲ್ (750 ಮತ್ತು 500 ಮಿ.ಮೀ. ಆಸುಪಾಸು) ಬಾಗಿಲಿನ ಕಡೆಗೆ ಚೆನ್ನ. ಆದರೆ ಬಾಗಿಲು ದಾಟಿದ ತಕ್ಷಣದ ಐದಾರು ಅಡಿಯಲ್ಲಿ ಏನನ್ನೂ ಇಡಬೇಡಿ, ಬೋರ್ಡನ್ನೂ ಕೂಡ. ಒಳಬಂದವರು ಅಷ್ಟು ದೂರ ನಡಿಗೆ ನಿಧಾನ ಮಾಡುತ್ತಾ, ಹೊರಗಿನ ಬಿಸಿಲಿನಿಂದ ಒಳಗಿನ ಬೆಳಕಿಗೆ ಕಣ್ಣು ಹೊಂದಿಸಿಕೊಳ್ಳುತ್ತಿರುತ್ತಾರೆ. ಅಲ್ಲಿ ಇಟ್ಟದ್ದನ್ನು ದಾಟಿಯೇ ಹೋಗುತ್ತಾರೆ. ಟೇಬಲ್ ಆ ಜಾಗ ಮುಗಿದಲ್ಲಿ, ಸುತ್ತ ನಾಲ್ಕು ಅಡಿ ಬಿಟ್ಟು. ‘ಒಳಬಂದವರು ಬಲಕ್ಕೇ ತಿರುಗುತ್ತಾರೆ’ ಎಂಬ ಮಾತನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಗಿಲಿನ ಜಾಗ, ಗಲ್ಲಾದ ಜಾಗ, ಹೊರಗಿನ ಕಾಲುದಾರಿ ಎಲ್ಲವೂ ಅದನ್ನು ಬದಲಿಸುತ್ತವೆ. ಒಂದು ಗಂಟೆ ನಿಂತು ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ಗೀಟು ಹಾಕಿದರೆ ನಿಮ್ಮ ಅಂಗಡಿಯ ಉತ್ತರ ಸಿಗುತ್ತದೆ.

ಡಂಪ್ ಬಿನ್ ಅಂದರೆ ಮಾಲನ್ನು ರಾಶಿ ಸುರಿಯುವ ತೊಟ್ಟಿ. ರಾಶಿ ನೋಡಿದ ಕೂಡಲೇ ಅಗ್ಗ ಎಂಬ ಭಾವನೆ ಬರುತ್ತದೆ. ಅದೇ ಅದರ ಬಲ, ಅದೇ ಅದರ ಅಪಾಯ. ಅಗ್ಗವಲ್ಲದ ಮಾಲನ್ನು ಅದರಲ್ಲಿ ಸುರಿದರೆ ಬೆಲೆ ಚೀಟಿ ನೋಡಿ ಗಿರಾಕಿ ಕೆಳಗಿಡುತ್ತಾನೆ. ಆಳದ ತೊಟ್ಟಿಯನ್ನು ಕೊಂಡರೆ ಅದನ್ನು ತುಂಬಿಸುವುದರಲ್ಲೇ ಗೋದಾಮು ಖಾಲಿ. ಒಳಗೆ ಎತ್ತರಿಸಬಹುದಾದ ಸುಳ್ಳುತಳ ಇರುವಂಥದ್ದನ್ನೇ ನೋಡಿ: ಮಾಲು ಇಳಿದಂತೆ ತಳ ಏರಿಸುತ್ತಾ ಹೋಗಬಹುದು, ರಾಶಿ ಯಾವಾಗಲೂ ಅಂಚಿನ ಮೇಲೆ ಕಾಣುತ್ತದೆ.

ದೀಪ

ರ್‍ಯಾಕಿನ ಖರ್ಚೆಲ್ಲ ಮುಗಿದ ಮೇಲೆ ಉಳಿದ ಹಣದಲ್ಲಿ ದೀಪ ತರುವುದು ರೂಢಿ. ತಲೆಕೆಳಗಾದ ಕ್ರಮ ಅದು. ಟ್ರ್ಯಾಕ್ ಲೈಟ್ (ಸೂರಿಗೆ ಬಿಗಿದ ಪಟ್ಟಿಗೆ ಸಿಕ್ಕಿಸುವ ದೀಪ) ಕೊಳ್ಳುವಾಗ ಬಣ್ಣ ತೋರಿಸುವ ಸೂಚ್ಯಂಕ, ಅಂದರೆ ಸಿಆರ್‌ಐ, 90 ಅಥವಾ ಹೆಚ್ಚು ಇದೆಯೇ ನೋಡಿ; ಬಟ್ಟೆ, ಸೌಂದರ್ಯವರ್ಧಕಗಳಿಗೆ ಇದು ಅನಿವಾರ್ಯ. 3000 ಕೆಲ್ವಿನ್ ಬೆಚ್ಚಗಿನ ಬೆಳಕು, 4000 ಬಿಳಿ. ಯಾವುದನ್ನಾದರೂ ಆರಿಸಿ, ಆದರೆ ಒಂದೇ ಸೂರಿನಲ್ಲಿ ಎರಡನ್ನೂ ಬೆರೆಸಬೇಡಿ. ಎತ್ತಿ ತೋರಿಸಬೇಕಾದ ಜಾಗದ ಮೇಲಿನ ಬೆಳಕು ಸುತ್ತಲಿನದಕ್ಕಿಂತ ಮೂರರಿಂದ ಐದು ಪಟ್ಟು ಇರಬೇಕು. ಎಲ್ಲವನ್ನೂ ಸಮನಾಗಿ ಬೆಳಗಿದರೆ ಯಾವುದೂ ಎದ್ದು ಕಾಣುವುದಿಲ್ಲ.

ಟ್ರ್ಯಾಕನ್ನು ಗೋಡೆಯಿಂದ ಎಷ್ಟು ದೂರ ಹಾಕಬೇಕೆಂಬುದಕ್ಕೆ ಲೆಕ್ಕ ಇದೆ. ದೀಪದ ಕಿರಣ ನೆಟ್ಟಗೆ ಕೆಳಗಿಳಿಯುವ ಗೆರೆಯಿಂದ ಸುಮಾರು 30 ಡಿಗ್ರಿ ಓರೆಯಾಗಿರಲಿ. ಸೂರು 3 ಮೀಟರ್, ಬೆಳಗಬೇಕಾದ ಜಾಗ ನೆಲದಿಂದ 1.5 ಮೀಟರ್ ಅಂದರೆ ಎತ್ತರದ ಅಂತರ 1.5; ಅದನ್ನು 0.58ರಿಂದ ಗುಣಿಸಿದರೆ 0.87 ಮೀಟರ್. ಅದು ಗೋಡೆಯಿಂದಲ್ಲ, ಮಾಲಿನ ಮುಖದಿಂದ ಅಳೆಯಬೇಕಾದ ದೂರ; ರ್‍ಯಾಕಿನ ಆಳ 300 ಆದರೆ ಗೋಡೆಯಿಂದ 1.17 ಮೀಟರಿಗೆ ಟ್ರ್ಯಾಕ್ ಬರುತ್ತದೆ. ಇದಕ್ಕಿಂತ ತೀರಾ ಹಿಂದೆ ಹೋದರೆ ಗಿರಾಕಿಯ ನೆರಳೇ ಮಾಲಿನ ಮೇಲೆ ಬೀಳುತ್ತದೆ, ತೀರಾ ಹತ್ತಿರವಾದರೆ ಮೇಲಿನ ಶೆಲ್ಫಿಗೆ ಮಾತ್ರ ಬೆಳಕು. ಸೂರಿಗೆ ತೂತು ಕೊರೆಯುವ ಮುನ್ನ ರ್‍ಯಾಕಿನ ಜಾಗವನ್ನು ನೆಲದ ಮೇಲೆ ಅಂಟುಪಟ್ಟಿಯಿಂದ ಗುರುತು ಮಾಡಿ, ಓಣಿಯಲ್ಲಿ ಇಬ್ಬರು ಎದುರುಬದುರು ನಡೆದು ನೋಡಿ. ಅಳತೆ ತಿದ್ದಬೇಕಾಗಿ ಬಂದರೆ ಆ ಹಂತದಲ್ಲಿ ಖರ್ಚಾಗುವುದು ಅಂಟುಪಟ್ಟಿ ಮಾತ್ರ.